ಒಂದೇ ಟೇಕಿನ ಮಡಿಲಕ್ಕಿ

ಕಣ್ಣೀರು ಮನುಷ್ಯನ ಒಳಗಿನ ಕೊಳೆಯನ್ನು ತೊಳೆಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಅರಸೀಕೆರೆಯ ಕಲ್ಯಾಣ ಮಂಟಪದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಿರುಚಿತ್ರ ನೋಡಿದವರಲ್ಲ. ನಾನು ನೋಡಿದ್ದೇನೆ. ಇನ್ನೂರು ಜನ ಹದಿನೆಂಟು ನಿಮಿಷ ಅತ್ತರು, ಮೂಗು ಒರೆಸಿಕೊಂಡರು, ಆಮೇಲೆ ಉಪ್ಪಿಟ್ಟು ಕೇಸರಿಬಾತಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ನೂಕಿಕೊಂಡು ನಿಂತರು. ಕೊಳೆ ಎಲ್ಲಿತ್ತೋ ಅಲ್ಲೇ ಇತ್ತು. ಸ್ವಲ್ಪ ಒದ್ದೆಯಾಗಿತ್ತು, ಅಷ್ಟೆ.

ಆ ಚಿತ್ರದಲ್ಲಿ ಅಪ್ಪನಾಗಿ ಅಷ್ಟು ಜನರನ್ನು ಅಳಿಸಿದವರು ನನ್ನ ಸಹೋದ್ಯೋಗಿ. ಅರಸೀಕೆರೆ ರೈಲು ನಿಲ್ದಾಣದಲ್ಲಿ ನಾನು ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂರುತ್ತಿದ್ದೆ. ಅವರು ಪಕ್ಕದ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಗಾಡಿಗಳ ಸುದ್ದಿ ಹೇಳುತ್ತಿದ್ದರು. ಹೋದ ಆಷಾಢದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಸತ್ತವರ ಮೇಲಿನ ಗೌರವದಿಂದ ಎಂದುಕೊಂಡರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಿಜವಾದ ಕಾರಣ ಬೇರೆ: ಅವರ ಮಗಳು ಹಳೇಬೀಡಿನ ಶಾಲೆಯೊಂದರಲ್ಲಿ ಟೀಚರು. ಅವಳ ಮುಂದೆ ದಿನಬೆಳಗಾದರೆ ನಲವತ್ತು ಮಕ್ಕಳು ಕೂರುತ್ತವೆ.

ಗಾಡಿಯ ಸುದ್ದಿ ಹೇಳಲು ಯಂತ್ರ ಬರುವುದಕ್ಕೆ ಮುಂಚಿನ ಮಾತು. ಅವರು ಡ್ಯೂಟಿಗೆ ಬಂದವರೇ ಕೈಗಡಿಯಾರ ಬಿಚ್ಚಿ ಮೈಕಿನ ಮುಂದೆ ಇಟ್ಟು, ಜೀರಿಗೆ ಕುದಿಸಿದ ನೀರನ್ನು ಎರಡು ಗುಟುಕು ಕುಡಿದು, ಕತ್ತಿಗೆ ಸುತ್ತಿದ ಟವಲನ್ನು ಸರಿಮಾಡಿಕೊಳ್ಳುತ್ತಿದ್ದರು. ಇಷ್ಟು ಸಿದ್ಧತೆಯನ್ನು ನಾನು ಹರಿಕಥೆ ದಾಸರಲ್ಲೂ ಕಂಡಿಲ್ಲ. ಆಮೇಲೆ "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಿದ್ದರು. ಮೂರನೇ ಪ್ಲಾಟ್‌ಫಾರಂನ ನಾಯಿಗಳೂ ಕಿವಿ ಎತ್ತುತ್ತಿದ್ದವು. ಆದರೆ ಅವರ ನಿಜವಾದ ವಿದ್ವತ್ತು ಇದ್ದದ್ದು ಕೊನೆಯ ಸಾಲಿನಲ್ಲಿ. ಗಾಡಿ ಎರಡು ಗಂಟೆ ತಡ ಎಂದು ಹೇಳಿ, ಒಂದು ಉಸಿರು ಬಿಟ್ಟು, "ನಿಮಗಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎನ್ನುವಾಗ ಆ 'ವಿಷಾದ' ಅವರ ಗಂಟಲಲ್ಲಿ ಎಲ್ಲೋ ಒಂದು ಕ್ಷಣ ಸಿಕ್ಕಿಕೊಂಡು ಬರುತ್ತಿತ್ತು. ಜಗಳಕ್ಕೆಂದು ಪಂಚೆ ಎತ್ತಿಕಟ್ಟಿ ಬಂದವರು ಅದನ್ನು ಕೇಳಿ ಹಾಗೇ ವಾಪಸ್ಸು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ತಿಪಟೂರಿಗೆ ಹೋಗುವ ಕೊಬ್ಬರಿ ವ್ಯಾಪಾರಿಯೊಬ್ಬ ಒಂದು ದಿನ ಅವರ ಕಿಟಕಿಗೆ ಬಗ್ಗಿ, ಗಾಡಿ ಬರದಿದ್ದರೂ ಚಿಂತೆಯಿಲ್ಲ, ಅದನ್ನ ಇನ್ನೊಂದು ಸಲ ಹೇಳಿ ಸ್ವಾಮಿ ಎಂದು ಕೇಳಿಕೊಂಡದ್ದಕ್ಕೆ ನಾನೇ ಸಾಕ್ಷಿ.

ಹೀಗೆ ತಮ್ಮದಲ್ಲದ ತಪ್ಪಿಗೆ ದಿನಕ್ಕೆ ಹತ್ತು ಸಲ, ಮೂರು ಭಾಷೆಗಳಲ್ಲಿ, ಗಂಟಲು ತುಂಬಿ ವಿಷಾದಿಸುತ್ತಿದ್ದ ಮನುಷ್ಯ ಸ್ವಂತದ್ದಕ್ಕೆ ಒಂದು ಸಲವೂ ವಿಷಾದಿಸಿದ್ದನ್ನು ನಾನು ಕಾಣೆ. ಒಮ್ಮೆ ಅವರ ಮೊಣಕೈ ತಗುಲಿ ನನ್ನ ಕಾಫಿ ಫ್ಲಾಸ್ಕು ಕೆಳಗೆ ಬಿದ್ದು ಒಳಗಿನ ಗಾಜು ಪುಡಿಯಾಯಿತು. ಅವರು ಬಗ್ಗಿ ನೋಡಿ, "ಫ್ಲಾಸ್ಕು ಇಡೋ ಜಾಗ ಅಲ್ಲ ಕಣ್ರೀ ಅದು" ಎಂದರು. ಹದಿನೈದು ದಿನ ನಾನು ಜಾಗದ ವಿಷಯವಾಗಿ ಯೋಚಿಸಿದೆ.

ಮಗಳು ಮೆಚ್ಚಿದ ಹುಡುಗ ಅವಳ ಶಾಲೆಯಲ್ಲೇ ಮೇಷ್ಟ್ರು. ಹಳೇಬೀಡಿನ ಬೌದ್ಧರ ಮನೆ. ತಂದೆ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ತಾಯಿ ಅಂಗನವಾಡಿಯಲ್ಲಿ. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಬಂದವರಿಗೆಲ್ಲ ಅನ್ನ ಸಾರು ಹಾಕಿ, ಮಧ್ಯಾಹ್ನದೊಳಗೆ ಮದುವೆ ಮುಗಿಸಿದರು. ಇವರು ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಆಕ್ಷೇಪಣೆ ಏನೆಂದು ಕೇಳಿದರೆ ಜಾತಿ ಎನ್ನುತ್ತಿರಲಿಲ್ಲ. ವಿದ್ಯಾವಂತರು, ಪೇಪರ್ ಓದುವವರು. "ಮುಹೂರ್ತ ನೋಡದೆ ಮಾಡಿದ್ದು ಎಂಥ ಮದುವೆ ಕಣ್ರೀ" ಎನ್ನುತ್ತಿದ್ದರು. ಹೊತ್ತು ತಪ್ಪಿ ಬರುವ ಗಾಡಿಗಳನ್ನೇ ನಂಬಿ ಮೂವತ್ತು ವರ್ಷ ಉಂಡವರು.

ಬಸುರಿ ಮಗಳಿಗೆ ಏಳು ತಿಂಗಳಾದಾಗ ಅವರ ಹೆಂಡತಿ ಪೇಟೆಯಲ್ಲಿ ಒಂದು ರವಿಕೆ ಕಣ ತಂದರು. ಗಿಣಿಹಸಿರು, ಕುಂಕುಮದ ಬಣ್ಣದ ಅಂಚು. ಜೊತೆಗಿದ್ದದ್ದು ನನ್ನ ಮನೆಯವಳು, ಅಂಗಡಿಯವನು ಹದಿನೆಂಟು ಕಣ ಹರವಿದ ಮೇಲೆ ಇದು ಒಪ್ಪಿಗೆಯಾಯಿತಂತೆ. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಬರಿಮಡಿಲಲ್ಲಿ ಹೋಗುವ ಹಾಗಿಲ್ಲ. ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು, ರವಿಕೆ ಕಣ ಹಾಕಿ ಕಳಿಸಬೇಕು. ಇವಳು ಹೊರಡುವಾಗ ಯಾರೂ ಹಾಕಿರಲಿಲ್ಲ. ಆ ಬಾಕಿ ತಾಯಿಯ ಎದೆಯ ಮೇಲೆ ಕೂತಿತ್ತು. ಮಾಲೇಕಲ್ಲಿಗೆ ಹರಕೆ ಇದೆ ಎಂದು ಗಂಡನಿಗೆ ಹೇಳಿ, ಬೆಟ್ಟದ ಬುಡದಲ್ಲಿ ಮಗಳನ್ನು ಕಂಡರು. ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಹೂವಿನಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಕಣವನ್ನು ಮಗಳಿಗೆ ತೋರಿಸಿ, ಮುಟ್ಟಿಸಿ, ಮತ್ತೆ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಕೊಡಲಿಲ್ಲ. ಇಲ್ಲಿ ಕದ್ದು ಕೊಟ್ಟರೆ ಅದು ಮಡಿಲು ತುಂಬಿದ ಹಾಗಲ್ಲ, ನಿಮ್ಮಪ್ಪ ಮನೆಗೆ ಕರೆದು ಎದುರಿಗೆ ನಿಂತು ಕೊಡಿಸಲಿ, ಸ್ವಲ್ಪ ತಾಳು ಅಂದರಂತೆ. ಆ ಕಣ ಟ್ರಂಕು ಸೇರಿತು. ಎರಡು ವರ್ಷಕ್ಕೆ ತಾಯಿ ತೀರಿಕೊಂಡರು. ಮಗಳು ಬಂದಾಗ ಗೇಟಿಗೆ ಚಿಲಕ ಹಾಕಿತ್ತು. ಹೆಣ ಗೇಟು ದಾಟಿ ಬೀದಿಗೆ ಬಂದ ಮೇಲೆ ಅವಳು ತಾಯಿಯ ಮುಖ ನೋಡಿದಳು. ಅವಳ ಭುಜ ಹಿಡಿದುಕೊಂಡಿದ್ದವಳು ನನ್ನ ಹೆಂಡತಿ.

ಇಷ್ಟು ಹಿನ್ನೆಲೆ ಇರುವಾಗ ಸಿನಿಮಾ ಬಂತು.

ಅದನ್ನು ಮಾಡಿದವನು ಹಾಸನದ ಒಬ್ಬ ಯುವಕ. ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಿದ್ದಾಗ ಇವರ ದನಿ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನಂತೆ. ಹುಡುಕಿಕೊಂಡು ಮನೆಗೆ ಬಂದು ಕಥೆ ಹೇಳಿದ. ಹೆಂಡತಿ ಸತ್ತ ಒಬ್ಬ ರೈತ. ತಾನೇ ನೋಡಿಕೊಂಡು ಮದುವೆಯಾದ ಮಗಳ ಹತ್ತಿರ ವರ್ಷಗಟ್ಟಲೆ ಮಾತು ಬಿಟ್ಟವನು. ಒಂದು ದಿನ ಟವಲಿನಲ್ಲಿ ಮಡಿಲಕ್ಕಿ ಗಂಟು ಕಟ್ಟಿಕೊಂಡು ನಡೆದುಕೊಂಡೇ ಅವಳ ಊರಿಗೆ ಹೋಗಿ, ಊರೊಳಗೆ ಕಾಲಿಡಲು ಧೈರ್ಯ ಸಾಲದೆ ಕೊಳದ ಮೆಟ್ಟಿಲ ಮೇಲೆ ಕೂರುತ್ತಾನೆ. ಮಗಳು ಬರುತ್ತಾಳೆ. "ತಡ ಆಯ್ತು ಕಣವ್ವ" ಎನ್ನುತ್ತಾನೆ, ಅವಳ ಸೆರಗಿಗೆ ತಾನೇ ಅಕ್ಕಿ ಸುರಿಯುತ್ತಾನೆ. ಮುಗಿಯಿತು. ಈ ಯುವಕನಿಗೆ ಇವರ ಮನೆಯ ವಿಷಯ ಕೂದಲೆಳೆಯಷ್ಟೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ ನನಗೆ ಗೊತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ಗಂಭೀರವಾಗಿ, ಸಂಭಾಷಣೆ ತೀರಾ ಕಡಿಮೆಯಾಯಿತಲ್ಲ ಎಂದರು.

ಶೂಟಿಂಗ್ ನಡೆದದ್ದು ಹುಲಿಕೆರೆಯ ಹಳೇ ಕೊಳದಲ್ಲಿ. ಅಲ್ಲಿಂದ ಹಳೇಬೀಡು ಆಟೋದಲ್ಲಿ ಹೋದರೆ ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟು ದೂರ. ಜೊತೆಗಿರಲೆಂದು ನನ್ನನ್ನೂ ಕರೆದೊಯ್ದಿದ್ದರು. ಮಡಿಲು ತುಂಬುವ ದೃಶ್ಯಕ್ಕೆ ನಿರ್ದೇಶಕ ಪಾಲಿಷ್ ಅಕ್ಕಿ, ಒಂದು ಪ್ಲಾಸ್ಟಿಕ್ ತಟ್ಟೆ, ಯಾವುದೋ ಕರ್ಚೀಫಿನಂಥ ಬಟ್ಟೆ ಇಟ್ಟುಕೊಂಡಿದ್ದ. ಇವರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ತಮ್ಮ ಬ್ಯಾಗು ತೆರೆದರು. ಕೊಬ್ಬರಿ ಬಟ್ಟಲು, ಅಚ್ಚುಬೆಲ್ಲ, ಅರಿಶಿನದ ಕೊಂಬು, ವೀಳ್ಯದೆಲೆ, ಹಸಿರು ಬಳೆ, ಹಿತ್ತಾಳೆ ತಟ್ಟೆ. ಎಲ್ಲದರ ಕೆಳಗಿನಿಂದ ನುಸಿಗುಳಿಗೆ ವಾಸನೆಯ ಆ ಗಿಣಿಹಸಿರು ಕಣ.

ನಾನು ಅದನ್ನು ಅದಕ್ಕೆ ಮೊದಲು ನೋಡಿದವನಲ್ಲ, ಹೆಂಡತಿಯ ಬಾಯಲ್ಲಿ ಕೇಳಿದ್ದೆ. ಆದರೂ ಗುರುತು ಹತ್ತಿತು. ಬಾಯಿ ಬಿಡಬಹುದಾಗಿತ್ತು. ಬಿಸ್ಕತ್ತು ತಿನ್ನುತ್ತಿದ್ದೆ.

ಇನ್ನೊಂದು ಷರತ್ತನ್ನೂ ಹಾಕಿದರು: ಒಂದೇ ಸಲ ಮಾಡುವುದು. ನಿರ್ದೇಶಕ ಕಕ್ಕಾಬಿಕ್ಕಿಯಾಗಿ, ಬೆಳಕು ಹೆಚ್ಚುಕಮ್ಮಿಯಾದರೆ ಎರಡು ಮೂರು ಟೇಕ್ ಬೇಕಾಗುತ್ತೆ ಸಾರ್ ಎಂದ. "ತುಂಬಿದ ಮಡಿಲನ್ನ ಬರಿದು ಮಾಡಿ ಇನ್ನೊಂದು ಸಲ ತುಂಬೋದಾ? ಅಪಶಕುನ ಕಣಯ್ಯ. ಆ ಮಗು ನಾಳೆ ಬಾಳಿ ಬದುಕಬೇಕಾದ್ದು" ಎಂದರು ಇವರು. 'ಆ ಮಗು' ಎಂದರೆ ಪಾತ್ರ ಮಾಡುತ್ತಿದ್ದ ಕಾಲೇಜು ಹುಡುಗಿ, ಪರಿಚಯವಾಗಿ ಎರಡು ದಿನವಾಗಿತ್ತು. ಕೊನೆಗೆ ಒಂದೇ ಟೇಕಿನಲ್ಲಿ ಆಯಿತು. "ತಡ ಆಯ್ತು ಕಣವ್ವ" ಎನ್ನುವಾಗ 'ತಡ' ಅವರ ಗಂಟಲಲ್ಲಿ ಹಳೆಯ ಜಾಗದಲ್ಲೇ ಸಿಕ್ಕಿಕೊಂಡಿತು. ಕ್ಯಾಮೆರಾದವನು ಕಣ್ಣೊರೆಸಿಕೊಂಡ. ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ ನಾನೂ ಅತ್ತೆ. ಎಲ್ಲ ಗೊತ್ತಿದ್ದೂ ಅತ್ತೆ.

ಊಟದ ಬಿಡುವಿನಲ್ಲಿ, ಇಷ್ಟು ಹತ್ತಿರ ಬಂದಿದೀರಲ್ಲ, ಒಂದು ಆಟೋ ಮಾಡಿಕೊಂಡು ಹಳೇಬೀಡಿಗೆ ಹೋಗಿ ಬರೋಣ ಎಂದೆ. ಅವರು ಪುಳಿಯೋಗರೆಯ ಎಲೆಯಿಂದ ತಲೆ ಎತ್ತಲಿಲ್ಲ.

"ಈಗಷ್ಟೇ ಅತ್ತು ಮುಗಿಸಿದೀನಿ ಕಣ್ರೀ. ಇನ್ನೊಂದು ಸಲ ನನ್ ಕೈಲಾಗಲ್ಲ."

ಚಿತ್ರ ಜನರ ಮುಂದೆ ಬಂತು. ಮೊಬೈಲಿನಲ್ಲಿ ಓಡಿತು, ಶಾಲೆಗಳಲ್ಲಿ ತೋರಿಸಿದರು, ಮಹಿಳಾ ಸಂಘಗಳು ಕರೆದವು. ಅತ್ತವರ ವಿಧಗಳನ್ನು ನಾನು ಹತ್ತಿರದಿಂದ ಅಭ್ಯಾಸ ಮಾಡಿದೆ. ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ಅತ್ತು ಮುಗಿಸಿ, ಇದರಲ್ಲಿ ಮೌಲ್ಯಗಳಿವೆ ಎಂದರು; ಯಾವುವು ಎಂದು ಯಾರೂ ಕೇಳಲಿಲ್ಲ. ತೆಂಗಿನಕಾಯಿ ಮಂಡಿಯ ಸಾಹುಕಾರರು ಅಲ್ಲೇ ಮಗಳಿಗೆ ಫೋನು ಹಚ್ಚಿ, ಊಟ ಆಯ್ತಾ ಕಂದ ಎಂದು ಗದ್ಗದರಾದರು. ಆ ಕಡೆಯಿಂದ ಅವಳು ಏನೋ ಕೇಳಿರಬೇಕು, "ಅದನ್ನ ನಿಮ್ಮಣ್ಣನ್ ಕೇಳು" ಎಂದು ಒರಟಾಗಿ ಫೋನು ಇಟ್ಟರು. ಹಾರನಹಳ್ಳಿಯ ಒಬ್ಬ ಅಜ್ಜಿ ಮಾತ್ರ ಇವರ ಕೈ ಹಿಡಿದುಕೊಂಡು ಸತ್ಯ ನುಡಿದಳು.

"ಗಂಡಸು ಮಡ್ಲು ತುಂಬಾದ ನಾ ಎಲ್ಲೂ ಕಂಡಿಲ್ಲ ಕಣಪ್ಪ. ತುಂಬಿದ್ಯಲ್ಲ, ದೊಡ್ಡದು. ಮಗೀಗೆ ಇನ್ನೇನ್ ಬೇಕು? ಅಪ್ಪ ಬಂದ್ನಲ್ಲ, ಅಷ್ಟೇಯ."

ಇವರು ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದರು. ಅದರ ಫೋಟೊವನ್ನೂ ಯಾರೋ ತೆಗೆದರು.

ಬೆಳಗಿನ ಹೊತ್ತು ನಾವು ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಕಾಫಿಗೆ ಸೇರುತ್ತಿದ್ದೆವು. ಅವರು ಮೊಬೈಲನ್ನು ಮೈಕಿನ ದೂರಕ್ಕೆ ಹಿಡಿದುಕೊಂಡು, ಚಿತ್ರದ ಕೆಳಗೆ ಜನ ಬರೆದದ್ದನ್ನು ಅದೇ ಹಳೆಯ ದನಿಯಲ್ಲಿ ಓದುತ್ತಿದ್ದರು. "ಇಂಥ ಅಪ್ಪ ಎಲ್ಲರಿಗೂ ಸಿಗಲಿ." "ನಿಮ್ಮ ಮಗಳು ಪುಣ್ಯವಂತೆ ಸಾರ್." ಪಕ್ಕದ ಮೇಜಿನವರು ಚಮಚ ನಿಲ್ಲಿಸಿ ಕೇಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅದು ನನ್ನನ್ನು ಹೆಚ್ಚು ಕಾಡಿದ ವಿಷಯ. ಯಾರೋ ಹಾಕಿದ ಹಾರವನ್ನು ಕೊರಳಲ್ಲಿ ಇಟ್ಟುಕೊಂಡೇ ಒಂದು ದಿನ ಆಟೋದಲ್ಲಿ ನನಗೆ, ಎದೆ ಹಗುರಾಯಿತು ಕಣ್ರೀ, ಎಷ್ಟೋ ವರ್ಷದ ಭಾರ ಎಂದರು. ಮನಸ್ಸಿಟ್ಟೇ ಅಂದರು. ಹೋಗಬೇಕಾದ ಕಡೆ ಹೋಗಿ ಬಂದವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಇಷ್ಟು ಜನ ಕ್ಷಮಿಸಿದ ಮೇಲೆ ಹಳೇಬೀಡಿನ ಒಬ್ಬಳನ್ನು ಪ್ರತ್ಯೇಕವಾಗಿ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲವೆಂದು ತೋರುತ್ತದೆ.

ನನ್ನ ಹೆಂಡತಿ ಆ ಚಿತ್ರ ನೋಡಲಿಲ್ಲ. ಬಾ ಎಂದರೆ, "ನೋಡೋಕೇನಿದೆ? ಅವರ ಮನೆ ಗೇಟು ನೋಡಿದೀನಲ್ಲ" ಎಂದಳು.

ಬೇಲೂರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಪ್ರದರ್ಶನ ಇಟ್ಟಿದ್ದರು. ದೀಪ ಆರುವುದಕ್ಕೆ ಮುಂಚೆ ಹಿಂತಿರುಗಿ ನೋಡಿದೆ. ಕೊನೆಯ ಸಾಲಿನ ತುದಿಯಲ್ಲಿ ಅವರ ಮಗಳು ಕೂತಿದ್ದಳು. ತೊಡೆಯ ಮೇಲೆ ಏಳು ವರ್ಷದ ಅವಳ ಮಗಳು. ಇವರು ಮುಂದಿನ ಸಾಲಿನಲ್ಲಿದ್ದರು; ನೋಡಲಿಲ್ಲ. ಚಿತ್ರ ಮುಗಿದು ದೀಪ ಹತ್ತಿದಾಗ ಹಾಲಿಗೆ ಹಾಲೇ ಸೆರಗಿಗೆ, ಕರ್ಚೀಫಿಗೆ ಮುಖ ಒತ್ತಿಕೊಂಡಿತ್ತು. ಅವಳ ಕಣ್ಣು ಒಣಗಿತ್ತು. ಮಗುವಿನ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಆಮೇಲೆ ಪ್ರಶ್ನೋತ್ತರ. ಬ್ಯಾಂಕಿನಲ್ಲಿರುವ ಒಬ್ಬ ಹೆಂಗಸು ಮೈಕು ತೆಗೆದುಕೊಂಡು, ಇಷ್ಟು ಸಹಜವಾಗಿ ಹೇಗೆ ಮಾಡಿದಿರಿ ಸಾರ್, ನಿಮಗೂ ಹೆಣ್ಣುಮಕ್ಕಳಿದ್ದಾರಾ ಎಂದು ಕೇಳಿದರು. ನಾನು ಕುರ್ಚಿಯ ತುದಿಗೆ ಜರುಗಿದೆ. ಇದ್ದಾಳೆ ಎನ್ನುವುದಕ್ಕೆ ಒಂದು ಸೆಕೆಂಡು ಸಾಕು. ಅವರು ಟವಲು ಸರಿಮಾಡಿಕೊಂಡರು, ಒಂದು ಉಸಿರು ಬಿಟ್ಟರು.

"ಈ ಚಿತ್ರ ನೋಡಿ ಕಣ್ಣೀರು ಹಾಕಿದ ಹೆಣ್ಣುಮಕ್ಕಳೆಲ್ಲ ನನ್ನ ಮಕ್ಕಳೇ."

ಚಪ್ಪಾಳೆ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆ ಲೆಕ್ಕದಲ್ಲಿ ಅವರ ಮಗಳಲ್ಲದವಳು ಆ ಹಾಲಿನಲ್ಲಿ ಒಬ್ಬಳೇ ಇದ್ದಳು.

ಹೊರಗೆ ಚಪ್ಪಲಿ ಬಿಟ್ಟ ಕಡೆ ಅವಳು ನನಗಾಗಿ ಕಾದು ನಿಂತಿದ್ದಳು. ಆರೋಗ್ಯ ವಿಚಾರಿಸಿದಳು, ಆಂಟಿಯನ್ನು ಕೇಳಿದಳು. ಆಮೇಲೆ, "ಅಂಕಲ್, ಆ ಕಣ ಅಮ್ಮಂದು" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಮಾಲೇಕಲ್ಲಿನ ಕಟ್ಟೆಯ ಸಂಗತಿ ನನಗೆ ಗೊತ್ತಾದದ್ದು ಆವತ್ತು, ಅವಳು ನಿಂತಲ್ಲೇ ಹೇಳಿದಾಗ. ಒಳಗೆ ಇನ್ನೂರು ಜನ ಒಬ್ಬ ಅಪ್ಪನನ್ನು ನೋಡಿದ್ದರು. ಇವಳು ಮುಕ್ಕಾಲು ಮೀಟರ್ ಬಟ್ಟೆಯನ್ನು ನೋಡಿದ್ದಳು.

"ನೀವು ಕೇಳಿದ್ರೆ ಕೊಡ್ತಾರೇನೋ. ಅವರು ಬರೋದೇನೂ ಬೇಡ ಅಂಕಲ್. ಪೋಸ್ಟಲ್ಲಿ ಹಾಕಿದ್ರೂ ಸಾಕು."

ಮಾರನೆಯ ದಿನ ಹೋಟೆಲಿನಲ್ಲಿ ನಾನು ವಿಷಯ ಎತ್ತಿದೆ. ಅವಳು ಬಂದಿದ್ದಳು, ಕೊನೆಯ ಸಾಲಿನಲ್ಲಿದ್ದಳು, ಇಷ್ಟು ಕೇಳಿದಳು ಎಂದು ಹೇಳಿದೆ. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ನಾಲ್ಕು ಸಲ ಸುರಿದರು. ಬಂದಿದ್ದವಳು ಏನಂದಳು ಚಿತ್ರದ ಬಗ್ಗೆ ಎಂದು ಮೊದಲು ಕೇಳಿದರು. ಏನೂ ಅನ್ನಲಿಲ್ಲ ಎಂದೆ. ಅದು ಅವರಿಗೆ ಹಿಡಿಸಲಿಲ್ಲ.

"ಆ ಕಣ ಈಗ ನನ್ನ ಹತ್ರ ಎಲ್ಲಿದೆ? ಆ ಹುಡುಗಿ ಮಡಿಲಿಗೆ ಹಾಕಿದ್ದು, ಅವಳೇ ತಗೊಂಡು ಹೋದ್ಳು."

ಕೇಳಿ ತರಿಸಿ ಎಂದೆ. ಅದು ಸಿನಿಮಾಕ್ಕೆ ಹಾಕಿದ್ದು ತಾನೇ, ಆ ಹುಡುಗಿಗೂ ಅದರ ಗುಟ್ಟು ಗೊತ್ತಿಲ್ಲ, ಹೇಳಿದರೆ ಕೊಡುತ್ತಾಳೆ ಎಂದೆ. ಅವರು ನನ್ನನ್ನು, ಬುದ್ಧಿ ಕಮ್ಮಿಯಿರುವ ಪ್ರಯಾಣಿಕನನ್ನು ನೋಡುವಂತೆ ನೋಡಿದರು.

"ಮಡಿಲಿಗೆ ಹಾಕಿದ್ದನ್ನ ವಾಪಸ್ ಕೇಳೋ ಪದ್ಧತಿ ಎಲ್ಲಾದ್ರೂ ಉಂಟೇನ್ರೀ?"

ಇಲ್ಲ. ಪದ್ಧತಿ ಇಲ್ಲ. ಆ ವಿಷಯದಲ್ಲಿ ಅವರ ಮಾತು ಶಾಸ್ತ್ರಸಮ್ಮತವಾಗಿತ್ತು. ಅವರಿಗೆ ನಟನೆಯಲ್ಲಿ ಅಷ್ಟು ಶ್ರದ್ಧೆ ಇರದೆ, ಕರ್ಚೀಫಿನಂಥ ಆ ಬಟ್ಟೆಯನ್ನೇ ಹಾಕಿ ಮೂರು ಟೇಕ್ ಕೊಟ್ಟಿದ್ದರೆ ಕಣ ಟ್ರಂಕಿನಲ್ಲಿ ಉಳಿದಿರುತ್ತಿತ್ತು. ನಾನು ಎದ್ದು ಬಂದೆ. ಆಮೇಲೂ ಕಾಫಿಗೆ ಹೋಗುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅವರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಕಣದ ಮಾತು ಮತ್ತೆ ಬರಲಿಲ್ಲ. ಮಗಳಿಗೆ ಫೋನಿನಲ್ಲಿ, ಸ್ವಲ್ಪ ತಾಳಮ್ಮ ಎಂದೆ. ಅವಳ ತಾಯಿಯೂ ಅದನ್ನೇ ಅಂದಿದ್ದರೆಂದು ಫೋನು ಇಟ್ಟ ಮೇಲೆ ನೆನಪಾಯಿತು.

ಆಷಾಢದ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಗಳು, ಅಳಿಯ, ಮೊಮ್ಮಗಳು ಹತ್ತು ಗಂಟೆಯೊಳಗೆ ಬಂದರು. ಈ ಸಲ ಗೇಟಿಗೆ ಚಿಲಕವಿರಲಿಲ್ಲ, ಹಾಕುವವರು ಒಳಗೆ ಮಲಗಿದ್ದರು. ಬೀದಿಯವರು ಅಷ್ಟರಲ್ಲಿ ಫ್ಲೆಕ್ಸ್ ಕಟ್ಟಿಸಿದ್ದರು. ಭಾವಪೂರ್ಣ ಶ್ರದ್ಧಾಂಜಲಿ, ಮಮತೆಯ ತಂದೆ. ಬೇರೆ ಒಳ್ಳೆಯ ಫೋಟೊ ಸಿಗಲಿಲ್ಲವಂತೆ, ಸಿನಿಮಾದ್ದೇ ಹಾಕಿದ್ದರು: ಹುಲಿಕೆರೆಯ ಮೆಟ್ಟಿಲು, ಹಿತ್ತಾಳೆ ತಟ್ಟೆ, ಆ ಹುಡುಗಿಯ ಸೆರಗು, ಸೆರಗಿನಲ್ಲಿ ಗಿಣಿಹಸಿರು. ಮಗಳು ಅದರ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಹಾಸನದಿಂದ ಚಿತ್ರತಂಡವೂ ಬಂತು. ಆ ಹುಡುಗಿ ಒಳ್ಳೆಯವಳು. ಹೆಣದ ಪಕ್ಕ ಕುಸಿದು ಕೂತು ಅಪ್ಪ ಎಂದು ಬಿಕ್ಕಿ ಬಿಕ್ಕಿ ಅತ್ತಳು. ದೂರದಿಂದ ಬಂದವರಿಗೆಲ್ಲ ಅವಳ ಮುಖ ಪರಿಚಿತ. ಒಬ್ಬರಾದ ಮೇಲೆ ಒಬ್ಬರು ಬಂದು ಅವಳ ತಲೆ ನೇವರಿಸಿ, ಎಂಥ ಅಪ್ಪನ್ನ ಕಳಕೊಂಡ್ಯಮ್ಮ ಎಂದು ಸಮಾಧಾನ ಹೇಳಿದರು. ಯಾರೋ ಕುರ್ಚಿ ತಂದು ಕೊಟ್ಟರು. ಮಂಡಿ ಸಾಹುಕಾರರು ಬಾಗಿಲ ಹತ್ತಿರ ನಿಂತಿದ್ದ ನಿಜವಾದ ಮಗಳನ್ನು, ಸ್ವಲ್ಪ ಜರುಗಮ್ಮ, ಮನೆಯವರಿಗೆ ಗಾಳಿ ಬರಲಿ ಎಂದರು. ಅವಳು ಜರುಗಿದಳು.

ಎಲ್ಲ ಮುಗಿದ ಮೇಲೆ ನಾನು ಆ ಹುಡುಗಿಯನ್ನು ಬೇವಿನ ಮರದ ಹತ್ತಿರ ಕರೆದು ಕಣದ ವಿಷಯ ಕೇಳಿದೆ. ಯಾರದೆಂದು ಹೇಳಿದೆ. ಅವಳು ತನಗೆ ಗೊತ್ತಿರಲಿಲ್ಲವೆಂದಳು, ಅಪ್ಪನ ಆಶೀರ್ವಾದ ಎಂದುಕೊಂಡಿದ್ದೆ ಅಂಕಲ್ ಎಂದಳು. ಹೋದ ತಿಂಗಳು ಅವಳ ನಿಶ್ಚಿತಾರ್ಥವಾಗಿತ್ತು. ಆವತ್ತು ಉಡುವ ಸೀರೆಗೆ ಒಪ್ಪುತ್ತದೆಂದು ಆ ಕಣವನ್ನು ಹೊಲಿಸಿಕೊಂಡಿದ್ದಳು.

ನಾನು ಬಂದು ಮಗಳಿಗೆ ಹಾಗೆಯೇ ಹೇಳಿದೆ. ಅವಳು ಸರಿ ಅಂಕಲ್ ಎಂದಳು. ನಾಲ್ಕೂವರೆಯ ಬಸ್ಸಿಗೆ ಮೂವರೂ ಹಳೇಬೀಡಿಗೆ ಹೋದರು.